ಎರಡು ಬಸಿ ಧೂಳು

ಧೂಳಿನ ವಿಷಯದಲ್ಲಿ ನಾನು ತುಸು ಜಂಬದ ಮನುಷ್ಯ. ವಿಜಾಪುರದಲ್ಲಿ ಹುಟ್ಟಿ, ಸಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೆ ಅಷ್ಟೂ ಬೇಡವೇ? ಕಣ್ಣಿಗೆ ಕಾಣುವ ಧೂಳು ಬಡಪಾಯಿ, ಮೂಗಿನಲ್ಲೇ ಸಿಕ್ಕಿಬೀಳುತ್ತದೆ; ಕಾಣದ ಸಣ್ಣದೇ ಎದೆಯಲ್ಲಿ ಠಿಕಾಣಿ ಹೂಡುತ್ತದೆ ಎಂದು ಹುಡುಗರಿಗೆ ಗತ್ತಿನಿಂದ ಹೇಳುತ್ತಿದ್ದೆ.

ಎಪ್ಪತ್ತರ ದಶಕದ ಒಂದು ಚಳಿಗಾಲ ನನ್ನ ಹೆಂಡತಿ ಶಾಂತಾಳಿಗೆ ಕೆಮ್ಮು ಹತ್ತಿತು. ರೊಟ್ಟಿ ಬಡಿಯುವುದನ್ನು ನಡುವೆಯೇ ನಿಲ್ಲಿಸಿ, ಗೋಡೆ ಹಿಡಿದು ಕೆಮ್ಮುವಳು. ನನಗೆ ಹೆದರಿಕೆಯಾಯಿತು. ಹೆದರಿದಾಗ ಓದಿದವರು ಕಳ್ಳನನ್ನು ಮನೆಯ ಹೊರಗೇ ಹುಡುಕುತ್ತಾರೆ. ನನಗೆ ಸಿಕ್ಕಿದ್ದು ಇಬ್ರಾಹಿಂಪುರದ ಕಡೆ ಕಲ್ಲಿದ್ದಲ ಹೊಗೆ ಉಗುಳುತ್ತ ಓಡುವ ರೈಲು. ಅದರ ಮಸಿ ಒಳಗೆ ಬೀಳದಿರಲೆಂದು ಜೋರಾಪುರ ಪೇಟೆಯ ನಮ್ಮ ಮನೆಯ ಮಣ್ಣಿನ ಮಾಳಿಗೆ ಹತ್ತಿ, ಅಡುಗೆಮನೆಯ ಸೂರಿನಲ್ಲಿದ್ದ ಬೆಳಕಿಂಡಿಗೆ ಹಾಸುಗಲ್ಲು ಮುಚ್ಚಿಬಂದೆ. ಕೆಮ್ಮು ಹೆಚ್ಚಾಯಿತು. ರೈಲಿನ ಮೇಲೆ ನನ್ನ ಸಿಟ್ಟೂ ಹೆಚ್ಚಾಯಿತು.

ಇನ್ನು ಪುರಾವೆ ಬೇಕಲ್ಲ! ಚಹದ ಎರಡು ಬಿಳಿ ಬಸಿ ತೆಗೆದುಕೊಂಡೆ. ಒಂದನ್ನು ಮಾಳಿಗೆಯ ಮೇಲಿಟ್ಟೆ. ಶುದ್ಧ ಗಾಳಿಯ ಮಾದರಿ ಎಂದು ಇನ್ನೊಂದನ್ನು ಅಡುಗೆಮನೆಯ ಗೂಡಿನಲ್ಲಿಟ್ಟೆ. ಪಕ್ಕದ ಮಾಳಿಗೆಯ ದರ್ಜಿ ಮೆಹಬೂಬಸಾಬರಿಗೂ ರೈಲಿನ ಅಪರಾಧಗಳನ್ನು ವಿವರಿಸಿದೆ.

ಎಂಟು ದಿನದ ಮೇಲೆ ಪರೀಕ್ಷೆ. ಮಾಳಿಗೆಯ ಧೂಳಿಗೆ ಒಂದು ಹನಿ ಆಮ್ಲ ಹಾಕಿದರೆ ಬುರುಬುರು ನೊರೆ ಬಂತು, ಅಂದರೆ ಸುಣ್ಣ. ಅಯಸ್ಕಾಂತಕ್ಕೆ ಚೂರು ಕಬ್ಬಿಣ ಅಂಟಿತು. ಉಳಿದದ್ದು ನಮ್ಮ ಎರೆಮಣ್ಣು, ಅದರೊಳಗೆ ಚಿಟಿಕೆ ಮಸಿ. ಶುದ್ಧ ಗಾಳಿಯ ಬಸಿ ಮಾತ್ರ ಕರ್ರಗೆ! ಬೆರಳಿಟ್ಟರೆ ಜಿಡ್ಡು. ನೊರೆಯಿಲ್ಲ, ಕಬ್ಬಿಣವಿಲ್ಲ, ನಮ್ಮ ಒಲೆಗೆ ಹಾಕುವ ತೊಗರಿ ಕಟ್ಟಿಗೆಯ ಅಪ್ಪಟ ಮಸಿ.

"ಆ ಕಲ್ಲು ತಗೀರಿ ಅಂತ ಎಷ್ಟು ಸಲ ಹೇಳೇನಿ," ಎಂದಳು ಶಾಂತಾ, ಸೆರಗಿನಲ್ಲಿ ಕಣ್ಣೊರೆಸುತ್ತ. "ನೀವು ಬರೇ ರೈಲಿನ ಪುರಾಣ ಹೇಳಾಕತ್ತೀರಿ. ಒಲಿ ಉರಿಯುವಾಗ ಒಮ್ಮೆರ ಒಳಗ ಬಂದೀರೇನು?"

ಬಂದಿರಲಿಲ್ಲ. ನಾನು ಉಣ್ಣುವುದು ಪಡಸಾಲೆಯಲ್ಲಿ. ರೊಟ್ಟಿ ಅಲ್ಲಿಗೇ ಬರುತ್ತಿತ್ತು, ಹೊಗೆ ಬರುತ್ತಿರಲಿಲ್ಲ. ಅವಳ ಎದೆಗೆ ಮಸಿ ತುಂಬಿದವನು ನಾನೇ ಎಂದು ತಿಳಿದಾಗ ಇಷ್ಟು ವರ್ಷದ ರಸಾಯನಶಾಸ್ತ್ರ ನಾಚಿಕೆಗೇಡೆನಿಸಿತು.

ಕೂಡಲೇ ಮಾಳಿಗೆ ಹತ್ತಿ ಕಲ್ಲು ಸರಿಸಿದೆ. ತಡೆದಿಟ್ಟ ಹೊಗೆಯೆಲ್ಲ ಭಗ್ಗನೆ ಮುಖಕ್ಕೇ ನುಗ್ಗಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ.

"ಏನ್ರಿ ಮಾಸ್ತರ," ಮೆಹಬೂಬಸಾಬರು ಆಚೆಯಿಂದ ಕೂಗಿದರು, "ರೈಲಗಾಡಿ ನಿಮ್ಮ ಮಾಳಗಿ ಮ್ಯಾಲೇ ಬಂತೇನ್ರಿ?"

ಕೆಮ್ಮುತ್ತಲೇ ಕಲ್ಲನ್ನು ಇನ್ನಷ್ಟು ದೂರ ತಳ್ಳಿದೆ. ಕೆಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು, ನಡುವೆ ಎಲ್ಲೂ ನಿಲ್ಲದೆ.