ತೊಂಬತ್ತು ದಿನಕ್ಕೊಮ್ಮೆ ಹಜೇರಿ

ಕಳೆದ ಮಂಗಳವಾರ, ತಾರೀಖು ಹನ್ನೊಂದು, ಬೆಳಿಗ್ಗೆ ಒಂಬತ್ತು ನಲವತ್ತು. ಸ್ಥಳ: ಮಿರಜದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಠಾಣೆಯಿಂದ ತಪಾಸಣೆಗೆ ಬಂದ ಹವಾಲ್ದಾರರು, ಸಾಕ್ಷಿ ಹೇಳಲು ಪಕ್ಕದ ಮನೆಯ ಅಕ್ಕಾತಾಯಿ ಮಾವಶಿ.

ಹತ್ತು ಗಂಟೆಯ ಹೊತ್ತಿಗೆ ನಾನು ಪೊಲೀಸರ ಕಾಗದದಲ್ಲಿ ಸಂಶಯದ ವ್ಯಕ್ತಿಯಾಗಿದ್ದೆ.

ಇಪ್ಪತ್ತು ನಿಮಿಷದಲ್ಲಿ ಇಷ್ಟು ಬಡ್ತಿ ಯಾರಿಗೆ ಸಿಕ್ಕೀತು?

ಮೊದಲಿನಿಂದ ಹೇಳುತ್ತೇನೆ. ನಾನು ಥೈಲ್ಯಾಂಡಿಗೆ ಹೊರಟಿದ್ದೇನೆ. ಐದು ದಿನದ ಟೂರ್ ಅಲ್ಲ, ಒಂದು ವರ್ಷ ಇರುವುದಕ್ಕೆ. ನನ್ನ ಜೊತೆ ನರ್ಸಿಂಗ್ ಕಲಿತ ಸುಶೀಲಾ ಹೋದ ವರ್ಷವೇ ಅಲ್ಲಿನ ಒಂದು ಗುಡ್ಡಗಾಡಿನ ಊರಿನಲ್ಲಿ ಮನೆ ಹಿಡಿದಿದ್ದಾಳೆ. ಐವತ್ತು ದಾಟಿದವರಿಗೆ ಆ ದೇಶ ನಿವೃತ್ತಿ ವೀಸಾ ಕೊಡುತ್ತದೆ. ಬರುತ್ತೀಯಾ ಎಂದು ಫೋನಿನಲ್ಲಿ ಕೇಳಿದಳು. ನನಗೆ ಅರವತ್ತಾರು. ತವರು ಸಾಂಗ್ಲಿವಾಡಿ, ನೌಕರಿ ಮಿರಜ. (ದೂರದ ಪ್ರಯಾಣ ಎಂದರೆ ಕೃಷ್ಣೆಯ ಸೇತುವೆ ದಾಟುವುದು.) ಯೋಚಿಸಲು ಒಂದು ದಿನ ಬೇಕು ಎಂದೆ. ಹತ್ತು ನಿಮಿಷಕ್ಕೆ ತಿರುಗಿ ಫೋನ್ ಮಾಡಿದೆ.

ಹಳೆಯ ಓದುಗರಿಗೆ ಗೊತ್ತಿದೆ, ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವಳು. ನಿಯಮಗಳ ಪಟ್ಟಿ ಕಂಡರೆ ಕೆಲವರಿಗೆ ತಲೆನೋವು ಬರುತ್ತದೆ, ನನಗೆ ಹಸಿವಾಗುತ್ತದೆ. ವೀಸಾದ ಪಟ್ಟಿ ಸುಶೀಲಾಳಿಂದ ಬಂದ ದಿನವೇ ಹಸಿರು ಫೈಲು ತಂದೆ, ಚೀಟಿ ಅಂಟಿಸಿದೆ. ಬ್ಯಾಂಕಿನ ಪತ್ರ, ವಿಮೆ, ಫೋಟೋ. ಆರೋಗ್ಯ ಪ್ರಮಾಣಪತ್ರಕ್ಕಂತೂ ಮರುದಿನವೇ ಓಡಿದೆ. ಕುಷ್ಠ ಇಲ್ಲ, ಕ್ಷಯ ಇಲ್ಲ, ಆನೆಕಾಲು ಇಲ್ಲ ಎಂದು ಡಾಕ್ಟರು ಬರೆಯಬೇಕು. ಮೂರನೆಯ ಹಂತದ ಸಿಫಿಲಿಸ್ ಇಲ್ಲ ಎಂದೂ ಬರೆಯಬೇಕು. (ಆ ಡಾಕ್ಟರಿಗೆ ಇಂಜೆಕ್ಷನ್ ಹಿಡಿಯಲು ಕಲಿಸಿದವಳು ನಾನು. ಪಾಪ, ಕಿಟಕಿಯ ಕಡೆ ನೋಡುತ್ತ ಕೇಳಿದರು.)

ಎಡವಿದ್ದು ಇಲ್ಲೇ. ಆ ಪ್ರಮಾಣಪತ್ರದ ಆಯುಷ್ಯ ಮೂರೇ ತಿಂಗಳು. ನನ್ನ ಮೇಲೆ ಕೇಸಿಲ್ಲ ಎಂದು ಪೊಲೀಸರೂ ಒಂದು ಪ್ರಮಾಣಪತ್ರ ಕೊಡಬೇಕು; ಅವರ ತಪಾಸಣೆಯ ಸರದಿ ಬರುವುದರೊಳಗೆ ಡಾಕ್ಟರದ್ದು ಮುಗಿಯುತ್ತ ಬಂದಿತ್ತು. ಬುಧವಾರ ಕೊನೆಯ ದಿನ. ತಡ ಮಾಡಿದವರಿಗೆ ತೊಂದರೆಯಾಗುವುದನ್ನು ನೋಡಿದ್ದೇನೆ. ಎಲ್ಲರಿಗಿಂತ ಮೊದಲು ಮಾಡಿ ಸಿಕ್ಕಿಬಿದ್ದವಳು ನಾನೊಬ್ಬಳೇ ಇರಬೇಕು.

ಇನ್ನು ಅಲ್ಲಿಗೆ ಹೋದ ಮೇಲಿನ ನಿಯಮ. ವಿದೇಶಿಯರು ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಶನ್ ಕಚೇರಿಗೆ ತಮ್ಮ ವಿಳಾಸ ತಿಳಿಸಬೇಕು. ಇಳಿದ ದಿನವೇ ಮೊದಲನೆಯ ದಿನ. ಏಳು ದಿನ ತಡವಾದರೂ ನಡೆಯುತ್ತದಂತೆ. (ನನ್ನ ವಾರ್ಡಿನಲ್ಲಿ ಏಳು ನಿಮಿಷ ನಡೆಯುತ್ತಿರಲಿಲ್ಲ.) ಈ ನಿಯಮ ನನಗೆ ಎಷ್ಟು ಹಿಡಿಸಿತೆಂದರೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ. 'ರಿಪೋರ್ಟಿಂಗ್' ಎಂದರೆ ಅಕ್ಕಾತಾಯಿಗೆ ಅರ್ಥವಾಗಲಿಲ್ಲ. ಹಜೇರಿ ಎಂದೆ. ಥಟ್ಟನೆ ಅರ್ಥವಾಯಿತು.

ಮಂಗಳವಾರಕ್ಕೆ ಬರುತ್ತೇನೆ. ಹವಾಲ್ದಾರರು ಬಂದರು, ಕುಳಿತರು. ನಾನು ಚಹಾ ಮಾಡಲು ಒಳಗೆ ಹೋದೆ. ಟ್ರೇ ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ಮೂರು ಗಂಟೆಗೆ ಠಾಣೆಗೆ ಬರಬೇಕು, ಮೇಡಂ ಮಾತಾಡಬೇಕಂತೆ ಎಂದು ಮರಾಠಿಯಲ್ಲಿ ಹೇಳಿ ಚಹಾ ಮುಟ್ಟದೆ ಹೊರಟರು.

ಏನು ಹೇಳಿದಿರಿ ಎಂದು ಮಾವಶಿಯನ್ನು ಕೇಳಿದೆ. ಮುಖದ ತುಂಬ ಅಭಿಮಾನ.

"ಇದ್ದದ್ದ ಹೇಳಿದ್ನಿ. ಸಿಸ್ಟರ್ ಭಾಳ ಶಿಸ್ತಿನಾಕಿ, ಅಲ್ಲಿ ಹ್ವಾದ ಮ್ಯಾಲೂ ಮೂರ್ ತಿಂಗಳಿಗೊಮ್ಮೆ ಸರಕಾರಕ್ಕ ಹಜೇರಿ ಕೊಡಾಕಿ ಅದಾಳ, ಒಂದೂ ತಪ್ಪಸಾಂಗಿಲ್ಲ ಅಂದ್ನಿ."

ನಮ್ಮ ಸಾಂಗ್ಲಿ, ಮಿರಜದಲ್ಲಿ ಪೊಲೀಸರಿಗೆ 'ಹಜೇರಿ' ಕೊಡುವವರು ಯಾರು? ಜಾಮೀನಿನ ಮೇಲೆ ಹೊರಬಂದವರು. ಚುನಾವಣೆಗೆ ಮೊದಲು ಠಾಣೆಗೆ ಕರೆಸುವ ಪುಂಡರು. ಈಗ ಆ ಸಾಲಿನಲ್ಲಿ ನಾನು! ಶಬ್ದ ಕೊಟ್ಟವಳು ನಾನೇ, ಯಾರನ್ನು ಬೈಯಲಿ?

ಮೂರು ಗಂಟೆಗೆ ಐದು ನಿಮಿಷ ಇರುವಾಗ ಠಾಣೆಯಲ್ಲಿದ್ದೆ. ಮಾವಶಿಯನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿದ್ದೆ. ಮೇಡಂ ಎಂದರೆ ಠಾಣೆಯ ಸಬ್‌ಇನ್‌ಸ್ಪೆಕ್ಟರ್, ನಮ್ಮ ಕಡೆಯ ಮಾತಿನಲ್ಲಿ ಫೌಜದಾರ ಬಾಯಿ; ಮೂವತ್ತೈದು ಇರಬಹುದು. ನಾನು ಫೈಲು ಬಿಚ್ಚಿ ಮರಾಠಿಯಲ್ಲಿ ನಿಯಮ ವಿವರಿಸತೊಡಗಿದೆ. ಬಹಳ ಉದ್ದವಾಯಿತೆಂದು ನನಗೇ ಅನಿಸಿತು. ಅವರ ಕಣ್ಣು ಹವಾಲ್ದಾರರು ಬರೆದ 'ಹಜೇರಿ' ಎಂಬ ಒಂದೇ ಶಬ್ದದ ಮೇಲಿತ್ತು. ಯಾವ ಕೇಸು, ಎಲ್ಲಿಯ ಕೇಸು ಎಂದು ಎರಡು ಸಲ ಕೇಳಿದರು. ಒಂದು ಶಬ್ದಕ್ಕೆ ಥೈಲ್ಯಾಂಡಿನ ಒಂದು ವರ್ಷ ಹೋಗುವುದೇ?

ಆಗ ಮಾವಶಿ ನಡುವೆ ಬಾಯಿ ಹಾಕಿದರು.

"ಕಳ್ಳರ ಹಜೇರಿ ಬ್ಯಾರೆ, ಸಾಲಿ ಹಜೇರಿ ಬ್ಯಾರೆ ಅಲ್ಲೇನ್ರಿ ಬಾಯಿ? ಇಕಿದು ಸಾಲಿದು. ಮಾಸ್ತರ ಹೆಸರ ಕರದ್ರ 'ಅದೇನಿ' ಅನ್ನೂದು, ಅಷ್ಟ."

ಫೌಜದಾರ ಬಾಯಿ ಪೆನ್ನು ಕೆಳಗಿಟ್ಟು ನಕ್ಕರು. ಅವರ ತಾಯಿ ಅಥಣಿಯ ಕಡೆಯವರಂತೆ. ತಡವರಿಸುತ್ತ ಕನ್ನಡದಲ್ಲೇ ಅಂದರು: "ಮಾವಶಿ, ನಮ್ಮ ಕಡೆ ಹಜೇರಿ ಕೊಡಾಕ ಬರಾವ್ರು ಯಾರೂ ಇಷ್ಟ ಖುಷೀಲೆ ಬರಂಗಿಲ್ಲರಿ." ಆ ಶಬ್ದದ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಸಹಿ ಮಾಡಿದರು. ಸಂಜೆಯೊಳಗೆ ಪ್ರಮಾಣಪತ್ರ ಮೇಲ್‌ಗೆ ಬರುತ್ತದೆ ಎಂದರು.

ರಿಕ್ಷಾದಲ್ಲಿ ಬರುವಾಗ ಯೋಚಿಸಿದೆ. ಮೂವತ್ತೈದು ವರ್ಷ ಬೇರೆಯವರ ಹಾಜರಿ ಹಿಡಿದವಳು ನಾನು. ರಜೆ ಕೇಳಿದವರನ್ನು ಗದರಿಸಿದೆ, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿದೆ. ಹೆಸರು ಕೂಗಿದಾಗ ಆ ಹುಡುಗಿಯರು 'ಎಸ್ ಸಿಸ್ಟರ್' ಎನ್ನುವುದು ಭಯದಿಂದ ಎಂದೇ ತಿಳಿದಿದ್ದೆ. ಕೆಲವರಿಗಾದರೂ ಅದು ಖುಷಿಯಾಗಿತ್ತೇನೋ. ಇದ್ದೇನೆ ಎಂದು ಹೇಳಲು ಒಂದು ಜಾಗ, ಕೇಳಲು ಒಬ್ಬರು. ಅರವತ್ತಾರಕ್ಕೆ ಆ ಸರದಿ ನನಗೆ ಬಂದಿದೆ. ಅದಕ್ಕೇ ಇರಬೇಕು ಇಷ್ಟು ಸಡಗರ. (ಮೀನಿನ ಸಾರಿಲ್ಲದ ಊಟ ಅಲ್ಲಿ ಸಿಗುತ್ತದೆಯೇ ಎಂದು ಜೈನ ಓದುಗರು ಪತ್ರ ಬರೆಯಬೇಡಿ. ಮೆಂತ್ಯಹಿಟ್ಟು, ಚಟ್ನಿಪುಡಿ ಪಟ್ಟಿಯಲ್ಲಿವೆ.)

ಸಂಜೆ ಆರು ಹತ್ತಕ್ಕೆ ಪ್ರಮಾಣಪತ್ರ ಬಂತು. ಆರು ನಲವತ್ತಕ್ಕೆ ಅರ್ಜಿ ಹೋಯಿತು. ಬುಧವಾರಕ್ಕೆ ಇನ್ನೂ ಐದು ತಾಸು ಇತ್ತು.

ಸುದ್ದಿ ಹೇಳಲು ಮಾವಶಿಯ ಮನೆಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಖುಷಿಪಟ್ಟರು, ಬಿಸಿ ರೊಟ್ಟಿ ಕೊಟ್ಟರು. ನಂತರ ನನ್ನ ಕಡೆ ನೋಡದೆ ಕೇಳಿದರು.

"ಸರಕಾರಕ್ಕ ತೊಂಬತ್ತು ದಿನಕ್ಕ ಹಜೇರಿ. ನನಗ?"

ರೊಟ್ಟಿ ಹಿಡಿದುಕೊಂಡು ಮನೆಗೆ ಬಂದೆ. ಆ ದಿನದ ಕೊನೆಯ ಕೆಲಸ, ಏಳೂ ಇಪ್ಪತ್ತಕ್ಕೆ, ಮೊಬೈಲಿನಲ್ಲಿ ದಿನವೂ ಹೊಡೆಯುವ ಒಂದು ಅಲಾರಂ ಇಟ್ಟೆ. ಥೈಲ್ಯಾಂಡಿನವರು ಏಳು ದಿನ ರಿಯಾಯಿತಿ ಕೊಡುತ್ತಾರೆ. ಅಕ್ಕಾತಾಯಿ ಮಾವಶಿಗೆ ಒಂದು ದಿನ ಫೋನ್ ತಪ್ಪಿಸಿ ನೋಡಿ!