ಹಲ್ಲಿಯ ಎಡಗಾಲು

ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುವುದು ಅವನ ಕೆಲಸ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಗೋಡೆಯನ್ನು ಕಾಲಿನಿಂದ ಒತ್ತಿ ಒತ್ತಿ ಪಕ್ಕಕ್ಕೆ ಸರಿಯುವ ಅವನನ್ನು ಜೊತೆಯವರು ಹಲ್ಲಿ ಎಂದೇ ಕರೆಯುತ್ತಿದ್ದರು. ಆದರೆ ಹಲ್ಲಿ ಬಿದ್ದದ್ದು ಎತ್ತರದಿಂದಲ್ಲ, ಬಣ್ಣದ ಡಬ್ಬ ಇಳಿಸುವಾಗ ಲಾರಿಯಿಂದ. ಎಡಮಂಡಿ ಮುರಿಯಿತು. ಆಪರೇಷನ್ ಆಗಿ ಮೂಳೆ ಕೂಡಿತಾದರೂ ತೊಡೆ ಸೊರಗಿ ಕಡ್ಡಿಯಂತಾಯಿತು.

"ಕಾಲಿಗೆ ಬಲ ಬರೋವರೆಗೂ ಹಗ್ಗ ಮುಟ್ಟಬೇಡಿ. ಜಿಮ್‌ಗೆ ಹೋಗಿ," ಎಂದರು ಡಾಕ್ಟರು.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಜಿಮ್ ಇತ್ತು. ಮೂಲೆಯ ಸೈಕಲ್ ತುಳಿಯುವುದು, ಕಾಲಿನಿಂದ ಭಾರ ತಳ್ಳುವುದು, ಮನೆಗೆ ಬರುವುದು. ಮರುದಿನವೂ ಅದೇ. ಸೈಕಲ್ಲಿನ ಎದುರಿಗಿದ್ದ ಗೋಡೆಗೆ ಯಾರೋ, ನುಣುಪಿಗೆಂದು ಮೆತ್ತಿದ ಪುಟ್ಟಿಯನ್ನು ಸರಿಯಾಗಿ ಉಜ್ಜದೆ ಬಣ್ಣ ಬಳಿದಿದ್ದರು. ಅದರ ಉಬ್ಬುತಗ್ಗುಗಳೆಲ್ಲ ಅವನಿಗೆ ಬಾಯಿಪಾಠವಾದವು. ತೊಡೆ ಮಾತ್ರ ಇದ್ದ ಹಾಗೇ ಇತ್ತು.

ಒಂದು ಬೆಳಿಗ್ಗೆ ಜಿಮ್ಮಿನ ಮೆಟ್ಟಿಲ ಬುಡದಿಂದಲೇ ಹಿಂದಿರುಗಿ ಬಸ್ ನಿಲ್ದಾಣದಲ್ಲಿ ಕೂತ. ಮಾರನೆಯ ದಿನವೂ ಅಲ್ಲೇ. ಮನೆಗೆ ಹೋಗುವ ಮುನ್ನ ಬೆವರಿನಂತೆ ಕಾಣಲೆಂದು ಅಂಗಿಯ ಬೆನ್ನನ್ನು ನಲ್ಲಿನೀರಿನಲ್ಲಿ ನೆನೆಸಿಕೊಳ್ಳುತ್ತಿದ್ದ.

ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಒಗೆಯಲು ಅಂಗಿ ಎತ್ತಿಕೊಂಡವಳು ಮೂಸಿ ನೋಡಿದಳು.

"ನಿಮ್ಮ ಬೆವರು ನನಗೆ ಗೊತ್ತಿಲ್ವಾ? ಇದು ಬರೀ ನೀರು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಆ ಸೈಕಲ್ ಹತ್ತಿದ್ರೆ ಉಸಿರು ಕಟ್ಟಿದ ಹಾಗಾಗತ್ತೆ ಕಣೆ. ಈ ಕಾಲು ಇನ್ನು ಇಷ್ಟೇ. ನನ್ನ ಪಾಡಿಗೆ ನನ್ನ ಬಿಟ್ಟುಬಿಡು."

ಅವಳು ಅಂಗಿಯನ್ನು ಒಗೆಯದೆ ತಂತಿಯ ಮೇಲೆ ಒಣಹಾಕಿದಳು. ಮರುದಿನ ರಜೆ ಹಾಕಿ, ಅವನ ಕೈ ಹಿಡಿದು ಜಿಮ್ಮಿಗೆ ಕರೆತಂದಳು.

ಜಿಮ್ ನಡೆಸುತ್ತಿದ್ದ ಹೆಂಗಸು ಹಿಂದೆ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದವಳು. ಎಲ್ಲರಿಗೂ ಅವಳು ಟೀಚರ್.

"ಎಷ್ಟು ದಿನ ಟೀಚರ್, ಅದೇ ಸೈಕಲ್ಲು?" ಎಂದಳು ಹೆಂಡತಿ. "ನಾನೂ ಬೆಳಗ್ಗಿಂದ ಕಾಲರ್ ಹೊಲೀತೀನಿ. ಪಕ್ಕದವಳ ಜೊತೆ ಎರಡು ಮಾತಾಡದಿದ್ರೆ ನನಗೂ ತಲೆ ಕೆಡತ್ತೆ."

"ಸುಮ್ನೆ ಬಂದು ಸುಮ್ನೆ ಹೋಗ್ತಿದ್ರಿ ಅಣ್ಣಾ. ನಾನೇ ಕೇಳಬೇಕಿತ್ತು," ಎಂದಳು ಟೀಚರ್.

"ಗೋಡೆಗೆ ಬಣ್ಣ ಹೊಡೆದ್ರೆ ಸಂಜೆಗೆ ಕಣ್ಣಿಗೆ ಕಾಣತ್ತೆ. ಇಲ್ಲಿ ಮಾಡಿದ್ದೆಲ್ಲ ಎಲ್ಲಿಗೆ ಹೋಗತ್ತೆ ಟೀಚರ್?"

ಟೀಚರ್ ಸೈಕಲ್ ಬಿಡಿಸಿದಳು. ಅಂದಿನಿಂದ ಪಾಠ ಬದಲಾಯಿತು. ಒಂದು ದಿನ ಮರಳಿನ ಚೀಲ ಎಳೆಯುವುದು, ಒಂದು ದಿನ ಮರದ ಪೆಟ್ಟಿಗೆ ಹತ್ತಿ ಇಳಿಯುವುದು, ಇನ್ನೊಂದು ದಿನ ಒಂಟಿಗಾಲಲ್ಲಿ ನಿಂತು ಚೆಂಡು ಹಿಡಿಯುವುದು. ಚೆಂಡಿನ ದಿನ ಹೆಂಡತಿಯೂ ಬಂದು, ಕಾರ್ಖಾನೆಗೆ ಹೊರಡುವವರೆಗೆ, ಅವನ ಹೊಟ್ಟೆಗೇ ಗುರಿಯಿಟ್ಟು ಎಸೆಯುತ್ತಿದ್ದಳು. "ಹಿಡೀರಿ ಹಲ್ಲಿಯವರೇ."

ತೊಡೆಗೆ ಒಂದಿಷ್ಟು ಮಾಂಸ ಬಂತು, ಅದರ ಜೊತೆ ಆಸೆಯೂ. ತಡೆಯಲಾರದೆ ತನ್ನ ಹಳೆಯ ಮೇಸ್ತ್ರಿಯ ಬಳಿ ಹೋಗಿ, ಒಂದು ಸಲ ಹಗ್ಗ ಕೊಡಿ ಎಂದು ಅಂಗಲಾಚಿದ. ಎರಡಾಳೆತ್ತರ ಏರಿಸಿ ನೋಡಿದರು. ಗೋಡೆಗೆ ಒತ್ತಿದ ಎಡಗಾಲು ಗಡಗಡ ನಡುಗಿ ಜಾರಿತು. ಹಲಗೆ ಗಿರ್ರನೆ ತಿರುಗಿ ಅವನ ಭುಜ ಗೋಡೆಗೆ ಅಪ್ಪಳಿಸಿತು.

"ಸಾಕು, ಇಳಿಯಪ್ಪ. ನಿನ್ನ ಜೀವ ನನಗೆ ಬೇಡ," ಎಂದ ಮೇಸ್ತ್ರಿ. ಹಲ್ಲಿಯ ಕಣ್ಣೆದುರೇ ಆ ಹಗ್ಗದ ಹಲಗೆಗೆ ಇನ್ನೊಬ್ಬ ಹತ್ತಿದ.

ಆ ದಿನ ಅವನು ಉಣ್ಣಲಿಲ್ಲ. ಊದಿದ ಭುಜ ನೋಡಿದ ಹೆಂಡತಿ ಬಿಸಿನೀರಿನ ಶಾಖ ಕೊಟ್ಟಳು. ಬೆಳಿಗ್ಗೆ, ಮನೆಯಲ್ಲಿ ಕೂತರೆ ಏನು ಮಾಡಿಕೊಂಡುಬಿಡುತ್ತೇನೋ ಎಂಬ ಭಯದಿಂದಲೇ ಎದ್ದು ಜಿಮ್ಮಿನ ಮೆಟ್ಟಿಲು ಹತ್ತಿದ.

"ಇಳಿಸಿಬಿಟ್ರು ಟೀಚರ್."

"ಇವತ್ತು ಏನು ಮಾಡೋಣ ಅಣ್ಣಾ?"

"ಏನಾದ್ರೂ ಸರಿ. ಸೈಕಲ್ ಒಂದು ಬೇಡ."

ಹಗ್ಗ ಮತ್ತೆ ಅವನ ಪಾಲಿಗೆ ಬರಲಿಲ್ಲ. ಈಗ ಕರೆದವರ ಮನೆಯೊಳಗೆ, ಮೋಟು ಸ್ಟೂಲಿನ ಮೇಲೆ ನಿಂತು ಬಣ್ಣ ಹೊಡೆಯುತ್ತಾನೆ. ಕೆಲಸವಿಲ್ಲದ ದಿನಗಳೇ ಹೆಚ್ಚು. ಅಂಥ ದಿನ ಜಿಮ್ಮಿನಲ್ಲಿ ಅವನು ಎರಡು ಸಲ ಕಾಣಿಸುತ್ತಾನೆ.