ಒಂಬತ್ತೂವರೆಯ ಕೆಂಪು ಚೌಕ

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ಹೇಳುವುದಿಲ್ಲ, ಸರಿ. ಆದರೆ ಅದು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು ಎಂದು ಕೇಳುವವರು ಯಾರು? ಆಂಡರ್ಸನ್‌ಪೇಟೆಯ ಸಣ್ಣದೊಂದು ಇಂಟರ್ನೆಟ್ ಆಫೀಸಿನಲ್ಲಿ ಆರು ವರ್ಷ ಅದರ ಮುಂದೆ ಕೂತವಳು ನಾನು. ಕಾಮಸಮುದ್ರದ ಕಡೆಯ ನಮ್ಮೂರಲ್ಲಿ ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹತ್ತಿದರೆ ಒಂಬತ್ತಕ್ಕೆ ಆಫೀಸು. ಕೌಂಟರಿನಲ್ಲಿ ನಾನು, ಒಳಗಿನ ಕೋಣೆಯಲ್ಲಿ ಓನರು, ಕಂಬ ಹತ್ತಲು ಒಬ್ಬ ಲೈನ್‌ಮ್ಯಾನ್. ಇಷ್ಟೇ ನಮ್ಮ ಕಂಪನಿ.

ನನ್ನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಇತ್ತು. ನಮ್ಮ ಲೈನು ಹೋಗಿರುವ ಪ್ರತಿ ಏರಿಯಾದಲ್ಲೂ ಒಂದು ಬಾಕ್ಸ್ ಇರುತ್ತದೆ, ಅಲ್ಲಿಂದ ಮನೆಮನೆಗೆ ವೈರು. ಈ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಒಂದೊಂದು ಬಾಕ್ಸನ್ನೂ ಹೆಸರು ಹಿಡಿದು ಕೂಗುತ್ತದೆ. ಬಾಕ್ಸು ಓ ಎಂದರೆ ಸುಮ್ಮನಿರುತ್ತದೆ. ಮೂರು ಸಲ ಕೂಗಿದರೂ ಓ ಎನ್ನದಿದ್ದರೆ ಪರದೆಯ ಕೆಳಗೆ, ಬಲಮೂಲೆಯಲ್ಲಿ, ಒಂದು ಕೆಂಪು ಚೌಕ ಎದ್ದು ಟಿಣ್ ಎನ್ನುತ್ತದೆ. ಏರಿಯಾದ ಹೆಸರು, ಪಕ್ಕದಲ್ಲಿ ಡೌನ್. ಅಷ್ಟೇ. ಯಾಕೆ ಡೌನ್, ಯಾರಿಂದ ಡೌನ್ ಎಂಬುದು ಅದಕ್ಕೆ ಗೊತ್ತಿಲ್ಲ. ಬೀದಿಯಲ್ಲಿ ನಿಂತು ಕೂಗಿದವನಿಗೆ ಉತ್ತರ ಬರಲಿಲ್ಲವೆಂದರೆ ಒಳಗಿನವರು ಮಲಗಿರಬಹುದು, ಇಲ್ಲವೇ ಇವನ ಗಂಟಲೇ ಕಟ್ಟಿರಬಹುದು. ಈ ಎರಡನೆಯದನ್ನು ನಮ್ಮ ಆಫೀಸಿನಲ್ಲಿ ಯಾರೂ ಯೋಚಿಸಿದವರಲ್ಲ. ನಾನೂ ಅಷ್ಟೆ.

ಬಾಕ್ಸುಗಳನ್ನು ಇಡಲು ನಮಗೆ ಜಾಗವಿರಲಿಲ್ಲ. ಹಾಗಾಗಿ ಏರಿಯಾದ ಯಾವುದಾದರೂ ಮನೆಯ ಗೋಡೆಗೆ ಹೊಡೆದುಬಿಡುತ್ತಿದ್ದೆವು. ಕರೆಂಟು ಆ ಮನೆಯವರದು, ಅದಕ್ಕೆ ಬದಲಾಗಿ ಅವರಿಗೆ ಇಂಟರ್ನೆಟ್ ಬಿಟ್ಟಿ. ಚಾಂಪಿಯನ್ ರೀಫ್ಸ್ ಎಂಬ ಏರಿಯಾದ ಬಾಕ್ಸ್ ಚಿನ್ನದ ಗಣಿ ಕಾರ್ಮಿಕರಿಗೆಂದು ಹಿಂದೆ ಸಾಲಾಗಿ ಕಟ್ಟಿದ ‘ಲೈನ್ ಮನೆ’ಯೊಂದರಲ್ಲಿತ್ತು. ಅದು ಇಡ್ಲಿ ಹಿಟ್ಟು ರುಬ್ಬಿ ಮಾರುವ ಒಬ್ಬ ಅಕ್ಕನ ಮನೆ. ಗಂಡ ತೀರಿಕೊಂಡಿದ್ದ, ಇದ್ದ ಒಬ್ಬಳೇ ಮಗಳು ಮದುವೆಯಾಗಿ ಎರಡು ತಿಂಗಳ ಹಿಂದೆ ಚಿತ್ತೂರು ಕಡೆಗೆ ಹೋಗಿದ್ದಳು. ಮುಂಬಾಗಿಲ ಕೋಣೆಯಲ್ಲಿ ಒಂದೇ ಪ್ಲಗ್ ಪಾಯಿಂಟು. ಈ ಒಂದೇ ಪ್ಲಗ್ ಪಾಯಿಂಟು ಎಂಬ ಸಂಗತಿ ನಮ್ಮ ಓನರಿಗೆ ಗೊತ್ತಿದ್ದದ್ದೇ ಆಕೆಯ ಗ್ರಹಚಾರ.

ಗೌರಿ ಹಬ್ಬ ಕಳೆದ ಮೇಲೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಕೆಂಪು ಚೌಕ ಏಳತೊಡಗಿತು. ಚಾಂಪಿಯನ್ ರೀಫ್ಸ್, ಡೌನ್. ಇಪ್ಪತ್ತು ನಿಮಿಷ ಕಳೆದರೆ ತಾನಾಗಿಯೇ ಸರಿಹೋಗುತ್ತಿತ್ತು. ಮೊದಲ ವಾರ ನಾನು ಒಳಗೆ ಹೋಗಿ ಹೇಳಿದೆ. ಓನರು ಆಗತಾನೇ ಪೂಜೆ ಮುಗಿಸಿ ಮಂಗಳಾರತಿ ತಟ್ಟೆ ಹಿಡಿದಿದ್ದರು.

“ಅದು ಆ ಯಮ್ಮನ ಗ್ರೈಂಡರ್ ಕಣಮ್ಮ,” ಅಂದರು. “ನಮ್ ಪ್ಲಗ್ ಕಿತ್ತಾಕಿ ಗ್ರೈಂಡರ್ ಆಕ್ಕೊಂತಾಳೆ. ಇಟ್ಟು ರುಬ್ಬಾದ್ಮೇಲೆ ನಮ್ದು ಸಿಗಸ್ತಾಳೆ. ದಿನಾ ಬಂದು ಏಳ್ಬೇಡ, ಅದುಕ್ಕೆ ಬಾಯ್ ಮುಚ್ಸು.”

ನಾನು ಆರತಿ ತಗೊಂಡು, ಹೊರಗೆ ಬಂದು, ಅದರ ಬಾಯಿ ಮುಚ್ಚಿಸಿದೆ. ಆ ಏರಿಯಾಕ್ಕೆ ಮಾತ್ರ ಟಿಣ್ ಸದ್ದು ಬರದಂತೆ ಸೆಟ್ಟಿಂಗ್ ಬದಲಾಯಿಸಿದೆ. ಆದರೂ ಚೌಕ ಏಳುತ್ತಿತ್ತು, ಮೂಕವಾಗಿ. ಅದರ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚುವುದು ನನಗೆ ಕುಂಕುಮ ಇಟ್ಟುಕೊಂಡಷ್ಟೇ ಅಭ್ಯಾಸವಾಗಿಹೋಯಿತು. ಲೈನ್‌ಮ್ಯಾನ್ ಒಮ್ಮೆ ಆ ಕಡೆ ಹೋದಾಗ ಆಕೆಯ ಬಾಗಿಲಲ್ಲೇ ನಿಂತು, ನಾಲ್ಕು ಜನ ಕೇಳುವಂತೆ, ಪ್ಲಗ್ ಕಿತ್ತರೆ ಬಾಕ್ಸ್ ಎತ್ತಿಬಿಡ್ತೀವಿ ಎಂದು ಹೇಳಿಬಂದ. ಹೇಳಿದ್ದನ್ನು ನಮ್ಮ ಮುಂದೆ ಜಂಬದಿಂದ ವರ್ಣಿಸಿದ ಕೂಡ. ಕೆಂಪು ಚೌಕ ಮಾತ್ರ ನಿಲ್ಲಲಿಲ್ಲ. ಹಟಮಾರಿ ಹೆಂಗಸು ಎಂದು ಮೂವರೂ ತೀರ್ಮಾನಿಸಿದೆವು.

ಆಯುಧಪೂಜೆ ಬಂತು. ಬೆಳಿಗ್ಗೆ ಪೂಜೆ ಮಾಡಿ, ಮಷೀನುಗಳಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿ ಬಾಗಿಲು ಹಾಕಿದೆವು. ಮಾರನೆಯ ದಿನ ವಿಜಯದಶಮಿ, ಅದೂ ರಜಾ. ಆ ಎರಡು ದಿನವೂ ಚಾಂಪಿಯನ್ ರೀಫ್ಸಿನಲ್ಲಿ ಇಂಟರ್ನೆಟ್ ಇಲ್ಲ. ಜನ ಓನರಿಗೆ ಫೋನ್ ಮಾಡಿದ್ದಾರೆ. ಹಬ್ಬದ ಊಟ ಮಾಡಿ ಬಂಗಾರಪೇಟೆಯ ಮನೆಯಲ್ಲಿ ಮಲಗಿದ್ದ ಈ ಮನುಷ್ಯ ಎದ್ದು ನೋಡುವುದು ಬಿಟ್ಟು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದಾನೆ: ನಮ್ಮ ಕಡೆ ಎಲ್ಲ ಸರಿಯಾಗಿದೆ, ಆ ಹಿಟ್ಟಿನ ಯಮ್ಮ ಪ್ಲಗ್ ಕಿತ್ತಿದ್ದಾಳೆ, ಹೋಗಿ ಕೇಳಿ. ಜನ ಹೋಗಿ ಕೇಳಿದರು. ಹೇಗೆ ಕೇಳಿದರು ಎಂಬುದು ನನಗೆ ಮೂರನೆಯ ದಿನ ತಿಳಿಯಿತು.

ಅವತ್ತು ಬೆಳಗಿನ ಪೂಜೆಯಾದ ಮೇಲೆ ಲೈನು ಬಂತು. “ನೋಡ್ದಾ, ಬಯ ಬಿದ್ದು ಸಿಗಸವ್ಳೆ,” ಎಂದರು ಓನರು. ಮಧ್ಯಾಹ್ನ ಆ ಅಕ್ಕ ಬಂದರು. ಸೆರಗು ಬಿಗಿದು, ಆಟೋದಲ್ಲಿ ಬರದೆ ನಡೆದೇ ಬಂದಿದ್ದರು. ಕೌಂಟರಿನ ಮೇಲೆ ಎರಡೂ ಅಂಗೈ ಹರವಿ ಇಟ್ಟರು. ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆ ಎದ್ದು ಒಡೆದಿತ್ತು.

“ಗ್ರೈಂಡರ್ ಮುಟ್ಟಿ ಹದಿನೈದು ದಿನ ಆಯ್ತು ಕಣ್ಣು,” ಎಂದರು ನನಗೆ. ತಮಿಳು ಬೆರೆತ ಅವರ ಕನ್ನಡದಲ್ಲಿ ‘ಕಣ್ಣು’ ಎಂದರೆ ಮಗಳೇ ಎಂದ ಹಾಗೆ. “ನಿಮ್ಮೋರು ಬಂದು ಕೂಗಾಡಿ ಸತ್ತಂ ಹಾಕ್ಬಿಟ್ಟು ಹೋದ್ರಲ್ಲ, ಅವತ್ತಿಂದ ಒರಳುಕಲ್ಲಲ್ಲೇ ಹಿಟ್ಟು ಆಟ್ಟಿದೀನಿ. ಮುಂಚೇನೂ ಮಲ್ಟಿಪ್ಲಗ್ ಹಾಕಿ ಓಡಿಸ್ತಿದ್ದೆ, ನಿಮ್ದು ಕಿತ್ತಿಲ್ಲ. ಪಕ್ಕದ ಮನೇಲಿ ಕೇಳು. ನಿನ್ನೆ ಅವ್ರೇ ಬಂದು ಬಾಗ್ಲಲ್ಲಿ ನಿಂತ್ಕೊಂಡು ಕಳ್ಳಿ ಅಂದ್ರು.”

“ಅಕ್ಕ, ದಿನಾ ಒಂಬತ್ತೂವರೆಗೇ ಹೋಗುತ್ತಲ್ಲ,” ಎಂದೆ. ನಾನು ಕೇಳಿದ್ದು ಪೊಲೀಸರು ಕೇಳಿದ ಹಾಗೇ ಇತ್ತು.

“ಅದು ನನಗಿಂತ ನಿನಗೆ ಗೊತ್ತಾ? ಆ ಟೈಮ್‌ಗೇ ನನ್ನ ಮಗಳು ಬರೋದು.”

ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ತಾಯಿ ಮಗಳದು ಕೈಮಾತು. ಗಂಡನ ಮನೆಯಲ್ಲಿ ಆ ಕೈಮಾತು ಒಬ್ಬರಿಗೂ ತಿಳಿಯದು, ಗಂಡ ಈಗೀಗ ನಾಲ್ಕು ಸನ್ನೆ ಕಲಿತಿದ್ದಾನಂತೆ. ವಿಡಿಯೊ ಬರುವ ಫೋನು ಮೈದುನನದು. ಅವನು ಒಂಬತ್ತೂವರೆಗೆ ಸ್ನಾನಕ್ಕೆ ಹೋದಾಗ ಅತ್ತಿಗೆಯ ಕೈಗೆ ಕೊಡುತ್ತಾನೆ, ಹತ್ತಕ್ಕೆ ತೆಗೆದುಕೊಂಡು ಕೆಲಸಕ್ಕೆ ಹೊರಡುತ್ತಾನೆ. ಆ ಲೈನ್ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲವಾದ್ದರಿಂದ ಈ ತಾಯಿಗೆ ನಮ್ಮ ಲೈನೇ ಗತಿ. ಇಡೀ ದಿನದಲ್ಲಿ ಆ ಹುಡುಗಿ ಮನುಷ್ಯರ ಜೊತೆ ಮಾತಾಡುವುದು ಆ ಅರ್ಧ ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಒಂದು ತಿಂಗಳಿಂದ ಇಲ್ಲ.

“ಅದನ್ನ ನಾನೇ ಕೀಳ್ತೀನಾ?” ಎಂದರು ಆಕೆ.

ಓನರು ಒಳಗಿಂದ ಬಂದರು. ಆಕೆಯ ಅಂಗೈ ನೋಡಿದರು. ನೋಡಿ, “ಯಮ್ಮಾ, ಕಂಪ್ಯೂಟರ್ ಸುಳ್ ಏಳಲ್ಲ,” ಎಂದರು. ಸಂಜೆಗೆ ಬಾಕ್ಸ್ ಎತ್ತಿಸಿ ಅದೇ ಸಾಲಿನ ತುದಿಯಲ್ಲಿದ್ದ ಚಿಲ್ಲರೆ ಅಂಗಡಿಯವನ ಮನೆಗೆ ಹಾಕಿಸಿದರು. ಆ ಅಕ್ಕನ ವೈರು ಕತ್ತರಿಸಿದರು. ನಾನು ಕೌಂಟರಿನಲ್ಲಿ ಕೂತು ರಸೀದಿ ಹರಿಯುತ್ತಿದ್ದೆ.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಕೆಂಪು ಚೌಕ ಎದ್ದಿತು. ಚಾಂಪಿಯನ್ ರೀಫ್ಸ್, ಡೌನ್.

ಬಾಕ್ಸ್ ಈಗ ಅಂಗಡಿಯವನ ಮನೆಯಲ್ಲಿದೆ, ಅವನ ಮನೆಯಲ್ಲಿ ಗ್ರೈಂಡರ್ ಓಡುವುದಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಗುಣಾಕಾರ ಚಿಹ್ನೆಯ ತನಕ ಹೋಗಿ ನಿಂತಿತು. ಹಳೆಯ ಚೌಕಗಳೆಲ್ಲ ಆ ಪ್ರೋಗ್ರಾಂನಲ್ಲೇ ಸಾಲಾಗಿ ಉಳಿದಿರುತ್ತವೆ, ತೆರೆದು ನೋಡುವ ವ್ಯವಧಾನ ಬೇಕು ಅಷ್ಟೆ. ತೆರೆದೆ. ಸೋಮವಾರದಿಂದ ಶನಿವಾರದವರೆಗೆ ತಪ್ಪದೆ ಒಂಬತ್ತೂವರೆ. ಶುಕ್ರವಾರ ಮಾತ್ರ ಇಪ್ಪತ್ತು ನಿಮಿಷದ ಬದಲು ನಲವತ್ತು. ಭಾನುವಾರ ಒಂದೇ ಒಂದು ಚೌಕ ಇಲ್ಲ. ಭಾನುವಾರವಲ್ಲವೇ ಊರೆಲ್ಲ ಇಡ್ಲಿ ಬೇಯಿಸುವುದು, ಆಕೆ ಎರಡರಷ್ಟು ಹಿಟ್ಟು ರುಬ್ಬುವುದು? ಭಾನುವಾರ ರಜಾ ಇರುವುದು ಆಕೆಯ ಗ್ರೈಂಡರಿಗಲ್ಲ, ನಮ್ಮ ಆಫೀಸಿಗೆ. ಶುಕ್ರವಾರ ಪೂಜೆ ಎರಡರಷ್ಟು ಹೊತ್ತು ನಡೆಯುವುದೂ ಇಲ್ಲೇ.

ಒಳಗಡೆ ಗಂಟೆ ಬಾರಿಸುತ್ತಿತ್ತು. ಎದ್ದು ಹೋದೆ. ಮಷೀನುಗಳ ಸ್ಟ್ಯಾಂಡಿನ ಮೇಲೆ ದೇವರ ಪಟ, ಪಟದ ಸುತ್ತ ಗೌರಿ ಹಬ್ಬಕ್ಕೆ ಓನರು ತಂದ ಹೊಸ ಸೀರಿಯಲ್ ಲೈಟು, ಕೆಂಪು ಹಸಿರು ಕಣ್ಣು ಮಿಟುಕಿಸುತ್ತಿತ್ತು. ಇಲ್ಲಿಂದ ಒಂದೊಂದು ಏರಿಯಾಕ್ಕೂ ಲೈನು ಕಳಿಸಲು ಒಂದೊಂದು ಮಷೀನು, ಅದಕ್ಕೆ ಕರೆಂಟು ಕೊಡಲು ಒಂದೊಂದು ಅಡಾಪ್ಟರು; ಸ್ಟ್ಯಾಂಡಿನ ಪ್ಲಗ್ ಬೋರ್ಡಿನಲ್ಲಿ ಎಂಟು ತೂತು, ಎಂಟಕ್ಕೂ ಎಂಟು ಏರಿಯಾದ ಅಡಾಪ್ಟರು. ಲೈಟಿನ ಪಿನ್ನಿಗೆ ಜಾಗ ಮಾಡಲು ಒಂದು ಅಡಾಪ್ಟರನ್ನು ಕಿತ್ತು ಪಕ್ಕಕ್ಕೆ ನೇತುಬಿಟ್ಟಿದ್ದರು. ಅದರ ಚೀಟಿ ಎಂದೋ ಉದುರಿಹೋಗಿತ್ತು. ಚೀಟಿ ಇಲ್ಲದ್ದು ಯಾವುದೋ ಹಳೆಯದು, ಬೇಡವಾದದ್ದು ಎಂದು ಓನರು ಗೌರಿ ಹಬ್ಬದಿಂದ ಪೂಜೆಗೆ ಮೊದಲು ಅದನ್ನೇ ಕೀಳುತ್ತಿದ್ದರು, ಪೂಜೆ ಮುಗಿದು ಕರ್ಪೂರ ಆರಿದ ಮೇಲೆ ಶಿಸ್ತಾಗಿ ಮತ್ತೆ ಸಿಗಿಸುತ್ತಿದ್ದರು. ಆಯುಧಪೂಜೆಯ ಎರಡು ದಿನ ದೇವರಿಗೆ ಲೈಟು ಆರಬಾರದೆಂದು ಹಾಗೇ ಬಿಟ್ಟು ಬೀಗ ಹಾಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ, ಇಲ್ಲಿ ಎತ್ತಿಗೂ ನಾವೇ ಜ್ವರ ಬರಿಸಿದ್ದೆವು.

ನಾನು ಸೀದಾ ಹೋಗಿ ಲೈಟಿನ ಪಿನ್ನು ಕಿತ್ತೆ. ಅಡಾಪ್ಟರು ಸಿಗಿಸಿದೆ.

“ಏನಮ್ಮ ನೀನು, ಎಣ್ಣೆಂಗ್ಸಾಗಿ ದೇವ್ರ ಮುಂದ್ಲ ದೀಪ ಆರುಸ್ತೀಯ?” ಓನರ ಕೈಯಲ್ಲಿ ಗಂಟೆ ಹಾಗೇ ನಿಂತಿತು.

“ಬನ್ನಿ ಅಣ್ಣ, ಆಚೆ ಬಂದು ನೋಡಿ,” ಎಂದೆ. ಪರದೆಯ ಮೇಲೆ ಚಾಂಪಿಯನ್ ರೀಫ್ಸ್ ಹಸಿರಾಗಿತ್ತು. ಮತ್ತೆ ಒಳಗೆ ಹೋಗಿ ಕಿತ್ತೆ. ಮೂರು ನಿಮಿಷ ಇಬ್ಬರೂ ನಿಂತು ಕಾದೆವು. ಕೆಂಪು ಎದ್ದಿತು. ಅಡಾಪ್ಟರನ್ನು ಮತ್ತೆ ಸಿಗಿಸಿ, ಲೈಟನ್ನು ಪಟದಿಂದಲೇ ಬಿಚ್ಚಿಟ್ಟು ಬಂದೆ. ಭಾನುವಾರಗಳ ಖಾಲಿ ಜಾಗ ತೋರಿಸಿದೆ. ಅವರು ಸ್ಕ್ರೀನಿನಿಂದ ಕಣ್ಣು ತೆಗೆಯದೆಯೇ ಹೇಳಿದರು: “ಆಗಿದ್ದು ಆಗೋಯ್ತು. ಆ ಯಮ್ಮಂಗೆ ಇವತ್ತೇ ಲೈನ್ ಕೊಡ್ಸಾಣ. ಆದ್ರೆ ಕಾರಣ ಏನೂ ಏಳೋಕೋಗ್ಬೇಡ. ದೇವ್ರ ಲೈಟು ಅಂದ್ರೆ ಜನ ನಗ್ತಾರೆ.”

“ಬೈದಿದ್ದು ಬೀದೀಲಿ. ಕೊಡ್ಸೋದು ಕದ್ದುಮುಚ್ಚಿನಾ ಅಣ್ಣ?”

“ನಮ್ ಮರ್ಯಾದೆ ಅಂತ ಒಂದೈತಲ್ಲಮ್ಮ.”

ಈ ಮಾತನ್ನು ನೆನೆದರೆ ಇವತ್ತಿಗೂ ಹಲ್ಲು ಕಚ್ಚುತ್ತೇನೆ. ಮರ್ಯಾದೆ ಅವರದೊಂದೇ ಇತ್ತಂತೆ. ಹಿಟ್ಟು ಮಾರುವವಳದು, ಮಾತು ಬಾರದವಳ ತಾಯಿಯದು, ಅದು ಏನಂತೆ? ಅಂದು ಸಂಜೆಗೆ ಲೈನ್‌ಮ್ಯಾನ್ ಹೋಗಿ ವೈರು ಜೋಡಿಸಿ, ಕಾರಣ ಹೇಳದೆ ವಾಪಸು ಬಂದ.

ಮಾರನೆಯ ದಿನ ನಾನು ಬಸ್ಸಿಳಿದು ಆಫೀಸಿಗೆ ಹೋಗಲಿಲ್ಲ. ಆಟೋ ಹಿಡಿದು ನೇರ ಚಾಂಪಿಯನ್ ರೀಫ್ಸಿಗೆ ಹೋದೆ. ನಲ್ಲಿಯ ಹತ್ತಿರ ಏಳೆಂಟು ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು, ಅಂಗಡಿಯವನೂ ಬಾಗಿಲಲ್ಲಿದ್ದ. ನನಗೆ ಗೊತ್ತಿರುವ ಕನ್ನಡ, ತೆಲುಗು, ಅರೆಬರೆ ತಮಿಳು ಮೂರೂ ಸೇರಿಸಿ ಹೇಳಿದೆ: ತಪ್ಪು ನಮ್ಮ ಆಫೀಸಿನದು, ಪ್ಲಗ್ ಕಿತ್ತವರು ನಾವು, ಈ ಅಕ್ಕ ಒಂದು ದಿನವೂ ಕಿತ್ತಿಲ್ಲ. ಒಬ್ಬಳು ಫಕ್ಕನೆ ನಕ್ಕಳು. ಉಳಿದವರು ಬಿಂದಿಗೆ ಎತ್ತಿಕೊಂಡರು. ‘ಕಳ್ಳಿ’ ಎಂದು ಕೂಗಿದಷ್ಟು ಜೋರಾಗಿ ‘ಕಳ್ಳಿ ಅಲ್ಲ’ ಎಂದು ಯಾರೂ ಕೂಗಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಒಳಗೆ ಬಾ, ಟೈಮಾಯ್ತು,” ಎಂದಷ್ಟೇ ಹೇಳಿ ಗೋಡೆಗೆ ಫೋನು ಒರಗಿಸಿ ಅದರ ಮುಂದೆ ನೆಲದ ಮೇಲೆ ಕೂತರು. ಒಂಬತ್ತೂವರೆಗೆ ಹುಡುಗಿಯ ಮುಖ ಬಂತು. ತೆಳ್ಳಗಿನ ಮುಖ, ದೊಡ್ಡ ಕಣ್ಣು. ನಾಲ್ಕು ದಿನ ಕಟ್ಟಿಹಾಕಿದ್ದ ಮಾತೆಲ್ಲ ಆ ಬೆರಳುಗಳಲ್ಲಿ ಒಟ್ಟಿಗೇ ನುಗ್ಗಿ ಬಂತು. ತಾಯಿ ಮೆಲ್ಲಗೆ, ಮೆಲ್ಲಗೆ ಎಂದು ಕೈ ಆಡಿಸುತ್ತಿದ್ದರು. ಬೊಕ್ಕೆ ಒಡೆದ ಜಾಗಕ್ಕೆ ಅರಿಶಿನ ಹಚ್ಚಿಕೊಂಡಿದ್ದರಿಂದ ಹೆಬ್ಬೆರಳು ಸರಿಯಾಗಿ ಮಡಚಲಾಗದೆ ಒಂದೆರಡು ಸನ್ನೆ ತಪ್ಪುತ್ತಿತ್ತು, ಮಗಳು ಮತ್ತೆ ಕೇಳುತ್ತಿದ್ದಳು.

ಹುಡುಗಿ ನನ್ನನ್ನು ನೋಡಿ ಗಲ್ಲ ಎತ್ತಿ ಏನೋ ಕೇಳಿದಳು. ತಾಯಿ ನನ್ನ ಕಡೆ ತೋರಿಸಿ, ಕಣ್ಣು ತೋರಿಸಿ, ಕೂತಿರುವಂತೆ ಅಂಗೈ ಮಾಡಿ ಉತ್ತರ ಕೊಟ್ಟರು.

“ಏನಂದ್ರಿ ಅಕ್ಕ?”

“ಯಾರು ಅಂತ ಕೇಳಿದ್ಲು. ನಮ್ಮ ಲೈನ್ ಹೋಗೋದನ್ನ ದಿನಾ ನೋಡ್ಕೊಂಡು ಕೂತಿರೋರು ಅಂದೆ.”

ಆ ಮಾತಿನಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ತನ್ನಮ್ಮನ ಲೈನು ಕಾಯುವವಳು ನಾನು ಎಂದು ತಿಳಿದುಕೊಂಡ ಆ ಹುಡುಗಿ ಪರದೆಯ ಆಚೆಯಿಂದ ನನಗೆ ಎರಡೂ ಕೈ ಎತ್ತಿ ಮುಗಿದಳು.